ಆಕಾಶಕ್ಕೇರುವ ಮುನ್ನ
ವಿಮಾನ ನಡೆಸಲು ಕಲಿಯಬಯಸುವ ಬಾಲಿಕೆಯರ ಸಿದ್ಧತೆಯನ್ನು ಕುರಿತು

ವಿಮಾನ ನಡೆಸುವ ವಿದ್ಯೆಯನ್ನು ಆಕಾಶದಲ್ಲಿ ಕಲಿಯುವರೆಂದು ಜನರು ಸಾಮಾನ್ಯವಾಗಿ ಭಾವಿಸಿರುವರು. ವಾಸ್ತವವಾಗಿ ಆ ವಿದ್ಯೆಯ ಹೆಚ್ಚಿನ ಭಾಗವನ್ನು ನೆಲದ ಮೇಲೆಯೇ ಕಲಿಯಬೇಕಾಗಿದೆ. ಅದರಲ್ಲಿಯೂ ಅತಿ ಮುಖ್ಯವಾದ ಕೆಲವು ಪಾಠಗಳನ್ನು ವಿಮಾನ ಶಾಲೆಯ ಹೊಸ್ತಿಲನ್ನು ಮೆಟ್ಟುವುದಕ್ಕೆ ಮುಂಚೆಯೇ, ಮನೆಯಲ್ಲಿಯೂ ಪಾಠಶಾಲೆಯಲ್ಲಿಯೂ ಕಲಿತಿರಬೇಕು. ಈ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಬಾಲಿಕೆಯರ ತಂದೆತಾಯಂದಿರಿಗೂ ವಿಶದಪಡಿಸುವುದೇ ಈ ಲೇಖನದ ಉದ್ದೇಶವಾಗಿದೆ.

೨೦೦೮ರಲ್ಲಿ ದೇವನಹಳ್ಳಿಯ ಬಳಿ ದೊಡ್ಡ ವಿಮಾನ ನಿಲ್ದಾಣವು ತೆರೆದ ಮೇಲೆ ಕೋಲಾರ ಸೀಮೆಯ ಮಕ್ಕಳಿಗೆ ವಿಮಾನವು ಅಪೂರ್ವ ವಸ್ತುವಾಗಿ ಉಳಿದಿಲ್ಲ. ಆವನಿಯ ಸುತ್ತಣ ಹಳ್ಳಿಗಳಿಂದಲೂ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಗಳಿಂದಲೂ ಬರುವ ಬಾಲಿಕೆಯರನ್ನು ಮುಂದೆ ಏನಾಗಬೇಕೆಂದಿರುವಿರಿ ಎಂದು ಕೇಳಿದರೆ, ಡಾಕ್ಟರು, ಉಪಾಧ್ಯಾಯಿನಿ ಎನ್ನುವವರ ಜೊತೆಗೆ ಪೈಲಟ್ ಎನ್ನುವವರೂ ಈಗ ಉಂಟು. ತರುವಾಯ ತಂದೆಯಾಗಲಿ ತಾಯಿಯಾಗಲಿ ನಮ್ಮ ಬಳಿಗೆ ಬಂದು, "ಅಮ್ಮನವರೇ, ಹುಡುಗಿ ಹಟ ಹಿಡಿದಿದ್ದಾಳೆ, ಏನು ಮಾಡೋಣ?" ಎನ್ನುವರು. ಕೆಲವರು ಇದು ಹೆಣ್ಣುಮಕ್ಕಳಿಗೆ ತಕ್ಕ ಕೆಲಸವಲ್ಲವೆಂದು ಕೇಳಿದೊಡನೆಯೇ ತಳ್ಳಿಹಾಕುವರು. ಮತ್ತೆ ಕೆಲವರು ಮಗಳ ಮೇಲಣ ಪ್ರೀತಿಯಿಂದ, ಇರುವ ಎರಡು ಎಕರೆ ಜಮೀನನ್ನು ಅಡವಿಟ್ಟು ಯಾವುದೋ ಒಂದು ಶಾಲೆಗೆ ಹಣ ಕಟ್ಟಲು ಹೊರಡುವರು. ಇವೆರಡೂ ಅವಸರದ ತೀರ್ಮಾನಗಳೆಂದು ನಾವು ಹೇಳಬೇಕಾಗಿದೆ. ಈ ವಿದ್ಯೆಗೆ ಒಂದು ಕ್ರಮವುಂಟು. ಆ ಕ್ರಮವನ್ನು ತಿಳಿದು ನಡೆದವರಿಗೆ ಹಣವೂ ಉಳಿಯುವುದು, ಮಗಳ ಮನಸ್ಸೂ ಮುರಿಯದು.

ಹೆಣ್ಣುಮಕ್ಕಳಿಗೆ ತಕ್ಕದ್ದೆ?

ಈ ಪ್ರಶ್ನೆಗೆ ಬಹುಕಾಲದ ಹಿಂದೆಯೇ ಉತ್ತರ ದೊರೆತಿದೆ. ೧೯೩೬ರಲ್ಲಿ ಲಾಹೋರಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಸರಳಾ ಠಕ್ರಾಲ್ ಎಂಬ ತರುಣಿ ಜಿಪ್ಸಿ ಮಾತ್ ಎಂಬ ಚಿಕ್ಕ ವಿಮಾನವನ್ನು ಒಬ್ಬಳೇ ಹಾರಿಸಿದಳು. ಆಗ ಆಕೆಗೆ ವಯಸ್ಸು ೨೧. ಆಕೆ ಉಟ್ಟಿದ್ದುದು ಸೀರೆ. ಮನೆಯಲ್ಲಿ ನಾಲ್ಕು ವರುಷದ ಮಗಳಿದ್ದಳು.

ನಮ್ಮ ನಾಡಿನಲ್ಲಿಯೇ, ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನಲ್ಲಿ, ಮೈಸೂರು ಮಹಾರಾಜರ ಕಾಲದ ಕೊನೆಯ ವರುಷಗಳಲ್ಲಿ ಸರಕಾರಿ ವಿಮಾನ ತರಬೇತಿ ಶಾಲೆಯು ಆರಂಭವಾಯಿತು. ಅಲ್ಲಿ ಬೋಧಕರಾಗಿದ್ದ ಕ್ಯಾಪ್ಟನ್ ವಿ. ಸುಂದರಂ ಅವರ ಪತ್ನಿ ಉಷಾ ಸುಂದರಂ ಅವರು ಅದೇ ಶಾಲೆಯಲ್ಲಿ ಕಲಿತು ೧೯೪೯ರಲ್ಲಿ ಉತ್ತೀರ್ಣರಾದರು. ೧೯೫೧ರಲ್ಲಿ ಈ ದಂಪತಿಗಳು ಡವ್ ಎಂಬ ವಿಮಾನವೊಂದನ್ನು ಇಂಗ್ಲೆಂಡಿನಿಂದ ಮುಂಬಯಿಗೆ ಸುಮಾರು ೨೭ ಗಂಟೆಗಳಲ್ಲಿ ಹಾರಿಸಿ ತಂದುದು ಆ ಕಾಲಕ್ಕೆ ಒಂದು ದಾಖಲೆಯಾಯಿತು. ಅದೇ ೧೯೫೧ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ನಿರ್ಮಿತವಾದ ಎಚ್.ಟಿ.-೨ ಎಂಬ ತರಬೇತಿ ವಿಮಾನವು ಮೊದಲ ಬಾರಿ ಹಾರಿತು. ೧೯೫೮ರಲ್ಲಿ ಆ ಕಾರ್ಖಾನೆಯವರೇ ಕ್ಲಬ್ಬುಗಳ ಉಪಯೋಗಕ್ಕಾಗಿ ಒಂದು ಚಿಕ್ಕ ವಿಮಾನವನ್ನು ನಿರ್ಮಿಸಿ ಅದಕ್ಕೆ ಪುಷ್ಪಕವೆಂದು ಹೆಸರಿಟ್ಟರು. ಸೀತೆ, ಲವಕುಶರ ಕಥೆಯನ್ನು ಬಂಡೆಬಂಡೆಗೂ ಹೇಳುವ ಆವನಿಯ ಜನರಿಗೆ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

೨೦೧೬ರ ಜೂನ್ ತಿಂಗಳಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಯುವತಿಯರು ಭಾರತದ ವಾಯುಸೇನೆಯ ಯುದ್ಧವಿಮಾನ ವಿಭಾಗಕ್ಕೆ ಸೇರಿದರು. ಅವರ ಮುಂದಿನ ಅಭ್ಯಾಸವು ನಮ್ಮ ಬೀದರಿನಲ್ಲಿಯೇ ನಡೆಯಿತು. ೨೦೧೮ರ ಫೆಬ್ರವರಿಯಲ್ಲಿ ಅವನಿಯು ಮಿಗ್-೨೧ ವಿಮಾನವನ್ನು ಒಬ್ಬಳೇ ಹಾರಿಸಿದಾಗ, ನಮ್ಮ ಊರಿನ ಹೆಸರಿಗೆ ಇಷ್ಟು ಸಮೀಪವಾದ ಹೆಸರು ಪತ್ರಿಕೆಗಳಲ್ಲಿ ಬಂದುದನ್ನು ಕಂಡು ನಮ್ಮ ಬಾಲಿಕೆಯರು ಹಿಗ್ಗಿದುದು ಸಹಜವೇ. ಇಂದು ಭಾರತದ ಪೈಲಟ್ಟುಗಳಲ್ಲಿ ನೂರಕ್ಕೆ ಸುಮಾರು ೧೫ ಮಂದಿ ಸ್ತ್ರೀಯರು; ಪ್ರಪಂಚದ ಸರಾಸರಿಯು ನೂರಕ್ಕೆ ಐದರಷ್ಟು ಮಾತ್ರ. ಆದುದರಿಂದ ಹೆಣ್ಣುಮಕ್ಕಳಿಗೆ ತಕ್ಕದ್ದೆ ಎಂಬ ಪ್ರಶ್ನೆಯನ್ನು ಬಿಟ್ಟು, ಈ ಹೆಣ್ಣುಮಗುವು ಇದಕ್ಕೆ ಸಿದ್ಧಳಾಗಿರುವಳೆ ಎಂಬ ಪ್ರಶ್ನೆಯನ್ನು ಕೇಳೋಣ.

ಏರಬೇಕಾದ ಮೆಟ್ಟಿಲುಗಳು

ಮೊದಲು ಮೆಟ್ಟಿಲುಗಳನ್ನು ಎಣಿಸಿಕೊಳ್ಳುವುದು ಒಳ್ಳೆಯದು. ನಾಗರಿಕ ವಿಮಾನಯಾನದ ಡೈರೆಕ್ಟರ್ ಜನರಲ್ ಅವರ ಇಲಾಖೆಯು ಈ ವಿಷಯದಲ್ಲಿ ಅಧಿಕಾರವುಳ್ಳದ್ದು. ೧೬ ವರುಷ ತುಂಬಿ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರು ವಿದ್ಯಾರ್ಥಿ ಪೈಲಟ್ ಲೈಸೆನ್ಸನ್ನು ಪಡೆಯಬಹುದು. ಇದಕ್ಕೆ ವಾಯುನಿಯಮಗಳು, ದಿಕ್ಕುದಾರಿಯ ಲೆಕ್ಕ, ಹವಾಮಾನ, ವಿಮಾನ ಮತ್ತು ಇಂಜಿನು ಎಂಬ ವಿಷಯಗಳಲ್ಲಿ ಶಾಲೆಯವರೇ ಪರೀಕ್ಷೆ ಮಾಡುವರು. ೧೭ ತುಂಬಿದ ಮೇಲೆ, ಕಡಮೆಯೆಂದರೆ ೪೦ ಗಂಟೆಗಳ ಹಾರಾಟ ಮಾಡಿದವರಿಗೆ ಖಾಸಗಿ ಪೈಲಟ್ ಲೈಸೆನ್ಸು. ಸಂಬಳಕ್ಕಾಗಿ ವಿಮಾನ ನಡೆಸಬೇಕಾದರೆ ವಾಣಿಜ್ಯ ಪೈಲಟ್ ಲೈಸೆನ್ಸು ಬೇಕು. ಅದಕ್ಕೆ ೧೮ ವರುಷ ವಯಸ್ಸೂ ೨೦೦ ಗಂಟೆಗಳ ಹಾರಾಟವೂ ಅವಶ್ಯಕ; ಆ ೨೦೦ರಲ್ಲಿ ೧೦೦ ಗಂಟೆಗಳು ತನ್ನ ಸ್ವಂತ ಹೊಣೆಯಲ್ಲಿ ನಡೆಸಿದುವಾಗಿರಬೇಕು. ಇಲಾಖೆಯ ಬರಹದ ಪರೀಕ್ಷೆಗಳಲ್ಲಿ ನೂರಕ್ಕೆ ೭೦ ಅಂಕಗಳು ಬಂದರಷ್ಟೆ ಉತ್ತೀರ್ಣ. ಮೂವತ್ತೈದಕ್ಕೆ ತೃಪ್ತಿಪಡುವ ಅಭ್ಯಾಸವು ಇಲ್ಲಿ ಸಲ್ಲದು.

ಹೈಸ್ಕೂಲು ಮುಗಿಸಿದ ಬಾಲಿಕೆಯು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ತೆಗೆದುಕೊಳ್ಳುವುದು ಉತ್ತಮ. ವಾಣಿಜ್ಯವನ್ನಾಗಲಿ ಕಲೆಯನ್ನಾಗಲಿ ಓದಿದ ಅನೇಕರು ತರುವಾಯ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯಗಳನ್ನು ಬರೆದು ಈ ದಾರಿಗೆ ಬಂದಿರುವರು. ಹೀಗಿರುವುದರಿಂದ ತಡವಾಗಿ ಮನಸ್ಸು ಮಾಡಿದ ನಮ್ಮ ಹಳೆಯ ವಿದ್ಯಾರ್ಥಿನಿಯರೂ ನಿರಾಶರಾಗಬೇಕಾದುದಿಲ್ಲ. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿ ಹಾಕುವ ವರುಷದ ನಿಯಮವನ್ನು ಇಲಾಖೆಯ ಪ್ರಕಟಣೆಯಲ್ಲಿಯೇ ಓದತಕ್ಕದ್ದು. ಪರರ ಬಾಯಿಮಾತನ್ನು ನಂಬಕೂಡದು.

ಮೊದಲು ವೈದ್ಯರು, ಆಮೇಲೆ ಹಣ

ತಂದೆತಾಯಂದಿರು ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿನಲ್ಲಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಲಿ: ವೈದ್ಯರ ಪರೀಕ್ಷೆ ಮುಗಿಯುವ ತನಕ ಯಾವ ಶಾಲೆಗೂ ದೊಡ್ಡ ಮೊತ್ತವನ್ನು ಕಟ್ಟಕೂಡದು. ವಿದ್ಯಾರ್ಥಿ ಲೈಸೆನ್ಸಿಗೆ ಎರಡನೆಯ ದರ್ಜೆಯ ವೈದ್ಯಕೀಯ ಪತ್ರವು ಸಾಕು. ಇಲಾಖೆಯು ಒಪ್ಪಿದ ವೈದ್ಯರು ಅದನ್ನು ಕೊಡುವರು. ಆದರೆ ವಾಣಿಜ್ಯ ಲೈಸೆನ್ಸಿಗೆ ಮೊದಲನೆಯ ದರ್ಜೆಯ ಪತ್ರ ಬೇಕು. ಅದರ ಪರೀಕ್ಷೆಯು ಬಹು ಕಟ್ಟುನಿಟ್ಟಾದುದು. ಗೊತ್ತಾದ ಕೆಲವೇ ಸ್ಥಳಗಳಲ್ಲಿ ನಡೆಯುವುದು. ಅಂತಹ ಸ್ಥಳಗಳಲ್ಲಿ ಬೆಂಗಳೂರಿನ ವಾಯುಸೇನೆಯ ವೈಮಾನಿಕ ವೈದ್ಯ ಸಂಸ್ಥೆಯೂ ಒಂದು. ಎರಡನೆಯ ದರ್ಜೆಯ ಪತ್ರ ಬಂದೊಡನೆ ಮೊದಲನೆಯ ದರ್ಜೆಗೂ ಅರ್ಜಿ ಹಾಕಿ, ಅದು ಕೈಗೆ ಬಂದ ಬಳಿಕ ಹಣದ ಮಾತನ್ನು ಆಡತಕ್ಕದ್ದು. ಹಾಗಲ್ಲದೆ ಲಕ್ಷಾಂತರ ರೂಪಾಯಿ ಕಟ್ಟಿ, ಅರ್ಧ ಹಾರಾಟ ಮುಗಿದ ಮೇಲೆ ಹೃದಯದಲ್ಲಿಯೋ ಕಿವಿಯಲ್ಲಿಯೋ ದೋಷವಿದೆಯೆಂದು ತಿಳಿದರೆ, ಕಟ್ಟಿದ ಹಣವು ಹಿಂದಿರುಗುವುದು ದುರ್ಲಭ.

ವೈದ್ಯರು ಏನನ್ನು ನೋಡುವರೆಂಬುದನ್ನು ತಿಳಿದಿದ್ದರೆ ಭಯವು ಕಡಮೆಯಾಗುವುದು. ಕಣ್ಣಿನ ದೃಷ್ಟಿ, ಬಣ್ಣಗಳನ್ನು ಗುರುತಿಸುವ ಶಕ್ತಿ, ಕಿವಿಯ ಕೇಳುವಿಕೆ, ರಕ್ತದ ಒತ್ತಡ, ಹೃದಯದ ಬಡಿತದ ರೇಖೆ, ರಕ್ತ ಮೂತ್ರಗಳ ಪರೀಕ್ಷೆ, ಇವು ಮುಖ್ಯವಾದುವು. ಕನ್ನಡಕ ಹಾಕಿದವರಿಗೆ ಈ ದಾರಿ ಮುಚ್ಚಿದೆಯೆಂದು ಹಲವರು ತಿಳಿದಿರುವರು, ಅದು ಸರಿಯಲ್ಲ. ಕನ್ನಡಕದಿಂದ ದೃಷ್ಟಿಯು ಪೂರ್ಣವಾಗಿ ಸರಿಹೋಗುವುದಾದರೆ ನಾಗರಿಕ ವಿಮಾನಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ; ವಾಯುಸೇನೆಯ ನಿಯಮವು ಇದಕ್ಕಿಂತ ಬಿಗಿಯಾದುದು. ಬಣ್ಣಗುರುಡು ಹುಡುಗರಿಗಿಂತ ಹುಡುಗಿಯರಲ್ಲಿ ಬಹು ವಿರಳ.

ನಮ್ಮ ಬಾಲಿಕೆಯರ ವಿಷಯದಲ್ಲಿ ನಾವು ಹೆಚ್ಚು ಅಂಜುವುದು ರಕ್ತಹೀನತೆಗೆ. ಬೆಳಿಗ್ಗೆ ಬರಿಯ ಕಾಫಿ ಕುಡಿದು ಶಾಲೆಗೆ ಬರುವುದು, ಎಲ್ಲರೂ ಉಂಡ ಮೇಲೆ ಮಿಕ್ಕುದನ್ನು ಉಣ್ಣುವುದು, ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಉಪಾಧ್ಯಾಯಿನಿಯು ಅತ್ತ ತಿರುಗಿದೊಡನೆ ಕಿಟಕಿಯಾಚೆಗೆ ಎಸೆಯುವುದು, ಇವೆಲ್ಲವುಗಳ ಫಲವು ವೈದ್ಯರ ಪರೀಕ್ಷೆಯಲ್ಲಿ ಅಂಕಿಯಾಗಿ ಕಾಣುವುದು. ರಕ್ತವು ಆಮ್ಲಜನಕವನ್ನು ಹೊರುವ ಗಾಡಿ. ಎತ್ತರಕ್ಕೆ ಹೋದಂತೆ ಗಾಳಿಯು ತೆಳುವಾಗುವುದು. ಗಾಡಿಗಳೂ ಕಡಮೆಯಾದರೆ ತಲೆಯು ಮಂದವಾಗುವುದು. ರಾಗಿ ಮುದ್ದೆಯೊಡನೆ ಸೊಪ್ಪು, ಹುರುಳಿ, ಕಾಳುಗಳು ತಾಯಂದಿರ ಕೈಯಲ್ಲಿಯೇ ಇವೆ. ಮಗನ ತಟ್ಟೆಗೆ ಬಡಿಸುವುದನ್ನೇ ಮಗಳ ತಟ್ಟೆಗೂ ಬಡಿಸಿದರೆ ಅದೇ ಮೊದಲ ಸಿದ್ಧತೆ.

ಗಾಳಿಯ ಪಾಠ

ಇನ್ನು ವಿದ್ಯೆಯ ಮಾತು. ಕಣದಲ್ಲಿ ರಾಗಿಯನ್ನು ತೂರುವ ಹೆಂಗಸು ಮೊರವನ್ನೆತ್ತುವ ಮೊದಲು ಗಾಳಿಯು ಎತ್ತಣಿಂದ ಬೀಸುವುದೆಂದು ನೋಡಿ ನಿಲ್ಲುವಳು. ಪೈಲಟ್ಟಿನ ಮೊದಲ ಪಾಠವೂ ಅದೇ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲೆ ಹರಿಯುವ ಗಾಳಿ. ಇಂಜಿನಿನ ಕೆಲಸವು ಆ ಹರಿವನ್ನು ಉಂಟುಮಾಡುವುದು. ಎದುರು ಗಾಳಿಗೆ ಮುಖಮಾಡಿ ಓಡಿದರೆ ಬೀಸುವ ಗಾಳಿಯ ವೇಗವೂ ಸೇರಿಕೊಂಡು ವಿಮಾನವು ಬೇಗ ನೆಲವನ್ನು ಬಿಡುವುದು. ಅದಕ್ಕಾಗಿಯೇ ವಿಮಾನದ ಬಯಲಿನಲ್ಲಿ ಬಟ್ಟೆಯ ಗಾಳಿಚೀಲವನ್ನು ಕಂಬಕ್ಕೆ ಕಟ್ಟಿರುವರು.

ಆಷಾಢದಲ್ಲಿ ಗಾಳಿಪಟ ಹಾರಿಸಿದ ಮಗುವಿಗೆ ಮತ್ತೊಂದು ಪಾಠವೂ ಅರ್ಧ ತಿಳಿದಿರುವುದು. ಪಟವು ಗಾಳಿಗೆ ಸ್ವಲ್ಪ ಓರೆಯಾಗಿದ್ದರೆ ಏರುವುದು. ಮಿತಿಮೀರಿ ನಿಮಿರಿದರೆ ತತ್ತರಿಸಿ ಬೀಳುವುದು. ರೆಕ್ಕೆಯೂ ಹಾಗೆಯೇ. ಮೂತಿಯನ್ನು ಅತಿಯಾಗಿ ಎತ್ತಿದರೆ ಗಾಳಿಯು ರೆಕ್ಕೆಗೆ ಅಂಟಿ ಹರಿಯದೆ ಚದುರುವುದು. ಎತ್ತುವ ಬಲವು ಕುಸಿಯುವುದು. ಇದಕ್ಕೆ ಸ್ಟಾಲ್ ಎಂದು ಹೆಸರು. ಇಂಜಿನು ಚೆನ್ನಾಗಿ ನಡೆಯುತ್ತಿರುವಾಗಲೂ ಇದು ಆಗಬಹುದು. ವಿಮಾನವು ಕುಸಿಯುವಾಗ ಮೂತಿಯನ್ನು ಮೇಲಕ್ಕೆಳೆಯಬೇಕೆಂದು ಕೈಯು ತವಕಿಸುವುದು. ಕೆಳಕ್ಕಿಳಿಸಬೇಕೆಂದು ವಿದ್ಯೆಯು ಹೇಳುವುದು. ಕೈಯ ಮಾತನ್ನು ಬಿಟ್ಟು ವಿದ್ಯೆಯ ಮಾತನ್ನು ಕೇಳುವ ಅಭ್ಯಾಸವೇ ತರಬೇತಿ.

ನಮ್ಮ ಪ್ರಸ್ಥಭೂಮಿಗೆ ಸಂಬಂಧಿಸಿದ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ಜಕ್ಕೂರು ಸಮುದ್ರ ಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದಲ್ಲಿದೆ. ಆ ಎತ್ತರದಲ್ಲಿ ಪ್ರಮಾಣದ ಉಷ್ಣತೆಯು ೯ ಡಿಗ್ರಿ ಸೆಂಟಿಗ್ರೇಡ್ ಎಂದು ಲೆಕ್ಕಹಾಕುವರು. ಏಪ್ರಿಲ್ ತಿಂಗಳ ಮಧ್ಯಾಹ್ನ ೩೪ ಡಿಗ್ರಿಯಿದ್ದರೆ ಹೆಚ್ಚಳವು ೨೫ ಡಿಗ್ರಿ. ಒಂದೊಂದು ಡಿಗ್ರಿಗೆ ೧೨೦ ಅಡಿಯಂತೆ ಸೇರಿಸಿದರೆ ೩,೦೦೦ ಅಡಿಯಾಯಿತು. ಅಂದರೆ ವಿಮಾನವು ಬಯಲಿನಲ್ಲಿಯೇ ನಿಂತಿದ್ದರೂ ೬,೦೦೦ ಅಡಿ ಎತ್ತರದ ತೆಳುಗಾಳಿಯಲ್ಲಿ ಇರುವಂತೆ ನಡೆದುಕೊಳ್ಳುವುದು; ಮೇಲೇಳಲು ಹೆಚ್ಚು ದೂರ ಓಡಬೇಕಾಗುವುದು. ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಮುಂಜಾನೆಯೇ ಹಾರಿಸುವುದಕ್ಕೆ ಇದೂ ಒಂದು ಕಾರಣ. ಮತ್ತೊಂದು ಕಾರಣವನ್ನು ಆವನಿಯ ಬೆಟ್ಟದ ಮೇಲೆ ಸುತ್ತುವ ಹದ್ದುಗಳನ್ನು ನೋಡಿ ತಿಳಿಯಬಹುದು. ಬಿಸಿಲೇರಿದಂತೆ ಬಂಡೆಯು ಕಾದು ಅದರ ಮೇಲಣ ಗಾಳಿಯು ಮೇಲಕ್ಕೇಳುವುದು. ಕೆರೆಯ ನೀರಿನ ಮೇಲೆ ಹಾಗಾಗದು. ರೆಕ್ಕೆ ಬಡಿಯದೆಯೇ ಹದ್ದು ಏರುವ ಆ ಗಾಳಿಯು ಚಿಕ್ಕ ವಿಮಾನವನ್ನು ಗುಂಡಿಬಿದ್ದ ರಸ್ತೆಯ ಮೇಲಣ ಗಾಡಿಯಂತೆ ಕುಲುಕಿಸುವುದು.

ಮಳೆಯ ನಕ್ಷತ್ರಗಳನ್ನು ಎಣಿಸುವ ನಮ್ಮ ರೈತರಿಗೆ ಭರಣಿ ಕೃತ್ತಿಕೆಗಳ ಕಾಲದ ಸಂಜೆಯ ಗುಡುಗುಮೋಡವು ಚೆನ್ನಾಗಿ ಗೊತ್ತು. ಹೂಕೋಸಿನಂತೆ ಉಬ್ಬಿ, ನೆತ್ತಿಯಲ್ಲಿ ಅಡಿಗಲ್ಲಿನಂತೆ ಹರಡುವ ಆ ಮೋಡದ ಸಮೀಪಕ್ಕೂ ಪೈಲಟ್ಟು ಹೋಗಕೂಡದು. ದಿನವೂ ಸಂಜೆ ಅಂಗಳದಲ್ಲಿ ನಿಂತು ಮೋಡದ ಆಕಾರ, ಗಾಳಿಯ ದಿಕ್ಕು, ಮರುದಿನದ ಫಲ, ಇವುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುವ ಬಾಲಿಕೆಯು ಹವಾಮಾನದ ಪುಸ್ತಕವನ್ನು ತೆರೆದಾಗ ಹಳೆಯ ಗೆಳತಿಯರನ್ನು ಕಂಡಂತೆ ಸಂತೋಷಪಡುವಳು.

ಲೆಕ್ಕ ಮತ್ತು ಭಾಷೆ

ಗಣಿತವೆಂದೊಡನೆ ಬೆದರುವ ಬಾಲಿಕೆಯರಿಗೆ ಒಂದು ಉದಾಹರಣೆ ಕೊಡುವೆವು. ಜಕ್ಕೂರಿನಿಂದ ಆವನಿಗೆ ಆಕಾಶಮಾರ್ಗವು ಹೆಚ್ಚುಕಡಮೆ ನೇರ ಪೂರ್ವಕ್ಕೆ, ಸುಮಾರು ೪೨ ನಾಟಿಕಲ್ ಮೈಲಿ, ಎಂದರೆ ಸುಮಾರು ೭೮ ಕಿಲೋಮೀಟರು. ಗಂಟೆಗೆ ೯೦ ಮೈಲಿಯ ವೇಗದ ವಿಮಾನಕ್ಕೆ, ಗಾಳಿಯಿಲ್ಲದಿದ್ದರೆ, ಹೋಗಲು ೨೮ ನಿಮಿಷ, ಬರಲು ೨೮ ನಿಮಿಷ, ಒಟ್ಟು ೫೬. ಈಗ ಪಡುವಣ ಗಾಳಿಯು ಗಂಟೆಗೆ ೨೦ ಮೈಲಿ ಬೀಸುತ್ತಿರುವುದೆನ್ನೋಣ. ಹೋಗುವಾಗ ವೇಗವು ೧೧೦ ಆಗಿ ೨೩ ನಿಮಿಷ ಹಿಡಿಯುವುದು. ಬರುವಾಗ ೭೦ ಆಗಿ ೩೬ ನಿಮಿಷ. ಒಟ್ಟು ೫೯. ಹೋಗುವಾಗ ಕೊಟ್ಟುದನ್ನು ಗಾಳಿಯು ಬರುವಾಗ ಬಡ್ಡಿಸಹಿತ ಕಿತ್ತುಕೊಳ್ಳುವುದು. ಬಡ್ಡಿಗೆ ಬೇಕಾದ ಪೆಟ್ರೋಲನ್ನು ಹೊರಡುವಾಗಲೇ ತುಂಬಿರಬೇಕು. ದಾರಿಯಲ್ಲಿ ಸಾಲ ಕೊಡುವವರಿಲ್ಲ.

ದಿಕ್ಕಿನ ಲೆಕ್ಕವೂ ಇಷ್ಟೇ ಸುಲಭ. ಒಂದು ಡಿಗ್ರಿ ತಪ್ಪಿದರೆ ೬೦ ಮೈಲಿಗೆ ಒಂದು ಮೈಲಿ ಪಕ್ಕಕ್ಕೆ ಸರಿಯುವೆವು. ಐದು ಡಿಗ್ರಿ ಉತ್ತರಕ್ಕೆ ತಪ್ಪಿದವಳು ೪೨ ಮೈಲಿ ಹೋಗುವಷ್ಟರಲ್ಲಿ ಮೂರೂವರೆ ಮೈಲಿ ಸರಿದು, ಆವನಿಯ ಬೆಟ್ಟವನ್ನು ಬಿಟ್ಟು ಮುಳಬಾಗಿಲಿನ ಕಡೆಯ ಬೆಟ್ಟವನ್ನು ನೋಡುತ್ತಿರುವಳು. ಭೂಪಟದಲ್ಲಿರುವ ಕೆರೆಯನ್ನು ಗುರುತಾಗಿ ಹಿಡಿಯೋಣವೆಂದರೆ, ನಮ್ಮ ಜಿಲ್ಲೆಯ ಕೆರೆಗಳು ಒಂದು ವರುಷ ತುಂಬಿ ಮತ್ತೊಂದು ವರುಷ ಬತ್ತುವುವು. ೨೦೧೮ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಹರಿದು ಬಂದು, ಬಹುಕಾಲ ಒಣಗಿದ್ದ ಕೆಲವು ಕೆರೆಗಳು ಬೇಸಿಗೆಯಲ್ಲಿಯೂ ಹೊಳೆಯುತ್ತಿವೆ. ಆದಕಾರಣ ಒಂದೇ ಗುರುತನ್ನು ನಂಬದೆ, ರೈಲುದಾರಿ, ಹೆದ್ದಾರಿ, ಬೆಟ್ಟ, ಕೆರೆ ಈ ಎಲ್ಲವನ್ನೂ ಒಂದಕ್ಕೊಂದು ಸರಿನೋಡಬೇಕು. ವೈಮಾನಿಕರ ಗಡಿಯಾರವೂ ಬೇರೆ. ಪ್ರಪಂಚದ ಎಲ್ಲೆಡೆಯೂ ಒಂದೇ ಪ್ರಮಾಣಕಾಲವನ್ನು ಬಳಸುವರು. ಅದು ನಮ್ಮ ಕಾಲಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ ಬೆಳಗಿನ ಆರು ಗಂಟೆಯು ಅವರ ಲೆಕ್ಕದಲ್ಲಿ ನಡುರಾತ್ರಿ ಕಳೆದ ಅರ್ಧ ಗಂಟೆ.

ಕನ್ನಡ ಮಾಧ್ಯಮದಲ್ಲಿ ಓದಿದ ಬಾಲಿಕೆಯರು ಇಂಗ್ಲಿಷಿಗೆ ಹೆದರುವರು. ರೇಡಿಯೋದಲ್ಲಿ ಆಡತಕ್ಕ ಇಂಗ್ಲಿಷು ಭಾಷಣದ ಇಂಗ್ಲಿಷಲ್ಲ. ಅದರ ಪದಗಳು ಎಣಿಕೆಯವು, ವಾಕ್ಯಗಳು ಗೊತ್ತುಮಾಡಿದುವು. ಸದ್ದಿನಲ್ಲಿ ತಪ್ಪು ಕೇಳಿಸದಂತೆ ಒಂಬತ್ತನ್ನು ನೈನರ್ ಎಂದೂ, ಮೂರನ್ನು ಟ್ರೀ ಎಂದೂ ಉಚ್ಚರಿಸುವರು. ಗೋಪುರದವರು ಹೇಳಿದ ಆಜ್ಞೆಯನ್ನು ಪೈಲಟ್ಟು ಹಾಗೆಯೇ ಹಿಂದಿರುಗಿ ಒಪ್ಪಿಸಬೇಕು. ಒಪ್ಪಿಸಿದುದು ಸರಿಯೆ ಎಂದು ಅವರು ಕೇಳಿ ನೋಡುವರು. ಇದು ನಮ್ಮ ಕೆಳ ತರಗತಿಗಳ ಮಗ್ಗಿ ಒಪ್ಪಿಸುವ ಪದ್ಧತಿಯೇ ಸರಿ. ಆದರೆ ಪಠ್ಯಪುಸ್ತಕಗಳೂ ಪರೀಕ್ಷೆಗಳೂ ಇಂಗ್ಲಿಷಿನಲ್ಲಿರುವುದರಿಂದ, ದಿನಕ್ಕೊಂದು ಪುಟವನ್ನು ಗಟ್ಟಿಯಾಗಿ ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸವನ್ನು ಎಂಟನೆಯ ತರಗತಿಯಿಂದಲೇ ಆರಂಭಿಸತಕ್ಕದ್ದು.

ನಡತೆಯ ಸಿದ್ಧತೆ

ದೇಹವೂ ವಿದ್ಯೆಯೂ ಸಿದ್ಧವಾದ ಮೇಲೆ ಉಳಿಯುವುದು ನಡತೆ. ಇದು ಎಲ್ಲಕ್ಕಿಂತ ಕಠಿನವಾದುದೆಂದು ನಮ್ಮ ಅಭಿಪ್ರಾಯ.

ವಿದ್ಯಾರ್ಥಿನಿಯು ವಿಮಾನವನ್ನು ಹತ್ತುವ ಮುಂಚೆ ಅದನ್ನು ಒಂದು ಸುತ್ತು ಬಂದು, ರೆಕ್ಕೆ, ಬಾಲ, ಗಾಲಿ, ಎಣ್ಣೆ, ಪ್ರತಿಯೊಂದನ್ನೂ ಕೈಯಿಂದ ಮುಟ್ಟಿ ನೋಡಬೇಕು. ಪೆಟ್ರೋಲಿನ ತೊಟ್ಟಿಯ ಅಡಿಯಿಂದ ಸ್ವಲ್ಪವನ್ನು ಗಾಜಿನ ಲೋಟಕ್ಕೆ ಬಸಿದು ಪರೀಕ್ಷಿಸಬೇಕು. ಅರ್ಧ ತುಂಬಿದ ತೊಟ್ಟಿಯಲ್ಲಿ ರಾತ್ರಿಯ ತಂಪಿಗೆ ತೇವವು ನೀರಾಗುವುದು. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ತಳಕ್ಕಿಳಿಯುವುದು. ಅದು ಇಂಜಿನಿಗೆ ಹೋದರೆ ಆಕಾಶದಲ್ಲಿ ಇಂಜಿನು ನಿಲ್ಲುವುದು. ತರುವಾಯ ಕುಳಿತು, ಅಚ್ಚುಹಾಕಿದ ಪಟ್ಟಿಯನ್ನು ಓದಿಕೊಂಡು ಒಂದೊಂದಾಗಿ ಎಲ್ಲವನ್ನೂ ಸರಿನೋಡಬೇಕು. ಸಾವಿರ ಸಲ ಹಾರಿದವರೂ ಆ ಪಟ್ಟಿಯನ್ನು ಬಾಯಿಪಾಠದಿಂದ ಹೇಳದೆ ಓದಿಯೇ ಮಾಡುವರು. ಜಾಣತನದ ಮೇಲೆ ಭರವಸೆಯಿಡದೆ ಕ್ರಮದ ಮೇಲೆ ಭರವಸೆಯಿಡುವುದೇ ಇಲ್ಲಿಯ ವಿನಯ.

ಆದರೆ ವಿನಯವೆಂದರೆ ಮೌನವಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಹಿರಿಯರ ಮುಂದೆ ಬಾಯಿ ತೆರೆಯಬಾರದೆಂದು ಚಿಕ್ಕಂದಿನಿಂದ ಹೇಳಿಕೊಡುವೆವು. ವಿಮಾನದಲ್ಲಿ ಈ ಮೌನವು ಪ್ರಾಣಾಪಾಯಕರ. ೧೯೭೭ರ ಮಾರ್ಚ್ ೨೭ರಂದು ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿದ ಓಡುದಾರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿಹೊಡೆದು ೫೮೩ ಮಂದಿ ಮಡಿದರು. ಎದುರಿನ ವಿಮಾನವು ದಾರಿಯನ್ನು ಬಿಟ್ಟಿದೆಯೋ 
ಇಲ್ಲವೋ ಎಂಬ ಸಂದೇಹವು ಒಂದು ವಿಮಾನದ ಇಂಜಿನಿಯರಿಗೆ ಬಂದಿತ್ತು; ಅವನು ಕೇಳಿಯೂ ಕೇಳಿದನು. ಅನುಭವಶಾಲಿಯಾದ ಕ್ಯಾಪ್ಟನ್ ದೃಢವಾಗಿ ಉತ್ತರಿಸಿದುದರಿಂದ ಅವನು ಸುಮ್ಮನಾದನು. ಇಂತಹ ಅಪಘಾತಗಳ ತರುವಾಯ, ಕಿರಿಯರು ಸಂದೇಹವನ್ನು ಒತ್ತಿ ಹೇಳುವುದನ್ನೂ ಹಿರಿಯರು ಅದನ್ನು ಕಿವಿಗೊಟ್ಟು ಕೇಳುವುದನ್ನೂ ವಿಮಾನ ಸಂಸ್ಥೆಗಳು ಒಂದು ಪಾಠವಾಗಿಯೇ ಕಲಿಸುತ್ತಿವೆ. ಮರ್ಯಾದೆ ತಪ್ಪದೆ, ಆದರೆ ಸ್ಪಷ್ಟವಾಗಿ, "ಸ್ವಾಮಿ, ಇದು ಸರಿಯಾಗಿ ಕಾಣುವುದಿಲ್ಲ" ಎನ್ನಲು ಮಗಳಿಗೆ ಮನೆಯಲ್ಲಿಯೇ ಅಭ್ಯಾಸವಾಗಲಿ.

ತಪ್ಪನ್ನು ಒಪ್ಪಿಕೊಳ್ಳುವುದು ಇದರ ಜೊತೆಯ ಗುಣ. ಇಳಿಯುವಾಗ ಗಾಲಿಯು ನೆಲಕ್ಕೆ ಬಲವಾಗಿ ಬಡಿದಿದ್ದರೆ ಒಡನೆಯೇ ಹೇಳಬೇಕು. ಬೈಗಳಿಗೆ ಹೆದರಿ ಮುಚ್ಚಿಟ್ಟರೆ, ಬಿರುಕುಬಿಟ್ಟ ಗಾಲಿಯ ಮೇಲೆ ಮುಂದಿನ ವಿದ್ಯಾರ್ಥಿಯು ಇಳಿಯುವನು. ಶೀತವಾಗಿ ಕಿವಿ ಕಟ್ಟಿರುವ ದಿನ, ನಿದ್ದೆಯಿಲ್ಲದ ದಿನ, ಮಂಪರು ತರುವ ಔಷಧ ಕುಡಿದ ದಿನ, "ಇಂದು ನಾನು ಹಾರಲಾರೆ" ಎನ್ನುವುದು ಹೇಡಿತನವಲ್ಲ, ಕರ್ತವ್ಯ. ಒಡೆದ ಬಟ್ಟಲನ್ನು ತಾನೇ ತಂದು ತೋರಿಸಿದ ಮಗುವಿಗೆ ಏಟು ಬೀಳುವ ಮನೆಯಲ್ಲಿ ಈ ಗುಣವು ಬೆಳೆಯದು. ತಂದೆತಾಯಂದಿರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿಸುವೆವು.

ಈ ಗುಣಗಳೆಲ್ಲ ಒಂದು ದಿನ ಪರೀಕ್ಷೆಗೆ ಬರುವುವು. ಜೊತೆಯಲ್ಲಿ ಕುಳಿತು ಕಲಿಸುತ್ತಿದ್ದ ಬೋಧಕರು ಒಂದು ಬೆಳಿಗ್ಗೆ, ಮುನ್ಸೂಚನೆಯಿಲ್ಲದೆ, ವಿಮಾನದಿಂದ ಇಳಿದು ಬಾಗಿಲು ಮುಚ್ಚುವರು. ಒಬ್ಬರ ಭಾರವು ಕಡಮೆಯಾದುದರಿಂದ ವಿಮಾನವು ಎಂದಿಗಿಂತ ಬೇಗನೆ ಮೇಲೇರುವುದು. ಪಕ್ಕದ ಪೀಠವು ಬರಿದಾಗಿರುವುದು. ಕೆಲವರಿಗೆ ಈ ದಿನ ಬೇಗ ಬರುವುದು, ಕೆಲವರಿಗೆ ತಡವಾಗಿ. ತಡವಾದುದರಿಂದ ನಾಚಬೇಕಾದುದಿಲ್ಲ.

ಹಣದ ಮಾತು

ಇಂದಿನ ದಿನಗಳಲ್ಲಿ ವಾಣಿಜ್ಯ ಲೈಸೆನ್ಸಿನವರೆಗಿನ ತರಬೇತಿಗೆ ೪೦ ಲಕ್ಷ ರೂಪಾಯಿಗಳಿಗೂ ಮೇಲ್ಪಟ್ಟು ಖರ್ಚಾಗುವುದು. ದೊಡ್ಡ ವಿಮಾನವೊಂದರ ವಿಶೇಷ ತರಬೇತಿಗೆ ಮತ್ತೆ ಹಲವು ಲಕ್ಷಗಳು ಬೇಕು. ಲೈಸೆನ್ಸು ಬಂದೊಡನೆ ಉದ್ಯೋಗವು ಕಾದಿರುವುದೆಂದು ಯಾರೂ ಭರವಸೆ ಕೊಡಲಾರರು, ಕೊಡುವವರನ್ನು ನಂಬಬೇಡಿ. ಉದ್ಯೋಗ ದೊರೆಯುವ ತನಕ ಸಾಲದ ಬಡ್ಡಿಯು ಬೆಳೆಯುತ್ತಲೇ ಇರುವುದು. ಶಾಲೆಯು ಇಲಾಖೆಯ ಅಂಗೀಕಾರ ಪಡೆದುದೆ, ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ವಿದ್ಯಾರ್ಥಿಗಳೆಷ್ಟು, ಹಿಂದಿನ ತಂಡದವರು ೨೦೦ ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು, ಈ ನಾಲ್ಕು ಪ್ರಶ್ನೆಗಳನ್ನು ಕೇಳಿ, ಸಾಧ್ಯವಾದರೆ ಅಲ್ಲಿ ಕಲಿಯುತ್ತಿರುವವರನ್ನೇ ಕಂಡು ಮಾತನಾಡಿರಿ. ಹಣವನ್ನು ಒಂದೇ ಬಾರಿಗೆ ಕಟ್ಟದೆ, ಹಾರಿದ ಗಂಟೆಗಳಿಗೆ ತಕ್ಕಂತೆ ಕಂತುಗಳಲ್ಲಿ ಕಟ್ಟಿ ರಸೀತಿ ಪಡೆಯಿರಿ.

ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಫುರ್ಸತ್‌ಗಂಜಿನಲ್ಲಿರುವ ಕೇಂದ್ರ ಸರಕಾರದ ವೈಮಾನಿಕ ಅಕಾಡೆಮಿಗೆ ಪ್ರವೇಶ ಪರೀಕ್ಷೆಯುಂಟು. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಯರು ಸಹಾಯಧನದ ವಿಷಯವಾಗಿ ಸರಕಾರದ ಸಂಬಂಧಪಟ್ಟ ಇಲಾಖೆಗಳಲ್ಲಿ ವಿಚಾರಿಸತಕ್ಕದ್ದು.

ಹಣವಿಲ್ಲದವರಿಗೆ ತೆರೆದಿರುವ ರಾಜಮಾರ್ಗವು ವಾಯುಸೇನೆ. ಅಲ್ಲಿ ಕಲಿಸುವ ವೆಚ್ಚವು ಸರಕಾರದ್ದು; ಅರ್ಹತೆಯು ಮಾತ್ರ ನಿಮ್ಮದು. ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ಬಾಲಿಕೆಯರಿಗೂ ತೆರೆಯಿತು. ೨೦೨೨ರಲ್ಲಿ ಮೊದಲ ತಂಡವು ಸೇರಿತು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿದವರು ಇದರ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಪದವೀಧರೆಯರಿಗೆ ಬೇರೊಂದು ಪ್ರವೇಶ ಪರೀಕ್ಷೆಯುಂಟು. ಅಲ್ಲಿ ಎತ್ತರವನ್ನೂ ಕಾಲಿನ ಉದ್ದವನ್ನೂ ಅಳೆಯುವರು. ಪೈಲಟ್ ಯೋಗ್ಯತೆಯ ಪರೀಕ್ಷೆಯೊಂದೂ ಇರುವುದರಿಂದ ಅರೆಸಿದ್ಧತೆಯಿಂದ ಹೋಗಕೂಡದು. ಕಾಲೇಜಿನಲ್ಲಿ ಎನ್.ಸಿ.ಸಿ.ಯ ವೈಮಾನಿಕ ವಿಭಾಗವಿದ್ದರೆ ಅದಕ್ಕೆ ಸೇರುವುದು ಬಹು ಪ್ರಯೋಜನಕರ.

ಈ ದಾರಿಯಲ್ಲಿ ಹೊರಟ ಎಲ್ಲರೂ ಪೈಲಟ್ಟುಗಳಾಗುವುದಿಲ್ಲ. ಒಬ್ಬಳನ್ನು ಕಣ್ಣು ತಡೆಯುವುದು, ಮತ್ತೊಬ್ಬಳನ್ನು ಹಣವು ತಡೆಯುವುದು. ಆದರೆ ನಾವು ಮೇಲೆ ಹೇಳಿದ ಸಿದ್ಧತೆಯಲ್ಲಿ ವ್ಯರ್ಥವಾಗುವುದು ಯಾವುದಿದೆ? ಹೊಟ್ಟೆತುಂಬ ಉಂಡು ರಕ್ತಪುಷ್ಟಿಯಾದ ದೇಹ, ಲೆಕ್ಕಕ್ಕೆ ಬೆದರದ ಬುದ್ಧಿ, ಆಕಾಶವನ್ನು ನೋಡಿ ತಿಳಿಯುವ ಕಣ್ಣು, ಕ್ರಮ ತಪ್ಪದ ಕೈ, ತನ್ನ ತಪ್ಪನ್ನು ಹೇಳುವ ನಾಲಗೆ, ಇವು ಆಸ್ಪತ್ರೆಯ ದಾದಿಗೂ, ಬ್ಯಾಂಕಿನ ಗುಮಾಸ್ತೆಗೂ, ಮನೆಯನ್ನು ನಡೆಸುವ ತಾಯಿಗೂ ಬೇಕಾದುವೇ. ಆದುದರಿಂದ ಮಗಳು ಪೈಲಟ್ ಆಗುವೆನೆಂದಾಗ ನಗಬೇಡಿ. ಒಡನೆಯೇ ಜಮೀನಿನ ಪತ್ರವನ್ನೂ ಹುಡುಕಬೇಡಿ. ಅವಳನ್ನು ಮೊದಲು ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ಗಣಿತದ ಪುಸ್ತಕವನ್ನು ಕೈಗೆ ಕೊಡಿರಿ. ಅವಳ ಪ್ರಶ್ನೆಗೆ ಕಿವಿಗೊಡಿರಿ. ಮುಂದಿನ ಮೆಟ್ಟಿಲುಗಳ ವಿಷಯವಾಗಿ ಸಲಹೆ ಬೇಕಾದವರಿಗೆ ಶಾಲೆಯ ಬಾಗಿಲು ಎಂದಿನಂತೆ ತೆರೆದಿರುವುದು.

— ಮುಖ್ಯೋಪಾಧ್ಯಾಯಿನಿ